ಪಿಆರ್, ಸೋಷಿಯಲ್ ಮೀಡಿಯಾ ಕಲಿಯಲು ಯಾವ ಪುಸ್ತಕ? – ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಜೊತೆ ಇರುವ ಮೇಡಂ 22 ವರ್ಷದಿಂದ ಸಾರ್ವಜನಿಕ ಸಂಪರ್ಕದ, ಅಂದರೆ ಪಿಆರ್ ಕೆಲಸದಲ್ಲಿದ್ದಾರೆ. ವಿಷಯ ಪುಸ್ತಕಗಳು. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಒಮ್ಮೆ ಓದಿ. ಫಾರ್ವರ್ಡ್ ಹಾಕಬೇಡಿ.

ತುಮಕೂರಿನ ವಿದ್ಯಾರ್ಥಿನಿ: ನಮಸ್ತೆ ಮೇಡಂ. ಪತ್ರಿಕೋದ್ಯಮ ಓದುತ್ತಿದ್ದೇನೆ. ಮುಂದೆ ಪಿಆರ್ ಕಡೆ ಹೋಗುವ ಆಸೆ. ಮೊದಲು ಯಾವ ಪುಸ್ತಕ ಹಿಡಿಯಲಿ?

ಮೇಡಂ: ನಮಸ್ತೆ ಅಮ್ಮ. ಮೊದಲು ಕಟ್ಲಿಪ್ ಮತ್ತು ಸೆಂಟರ್ ಬರೆದ ‘ಎಫೆಕ್ಟಿವ್ ಪಬ್ಲಿಕ್ ರಿಲೇಶನ್ಸ್’. 1952ರಲ್ಲಿ ಬಂದ ಪಠ್ಯಪುಸ್ತಕ, ಆಮೇಲೆ ಹಲವು ಸಲ ತಿದ್ದಿ ಅಚ್ಚಾಗಿದೆ. ಕಾಲೇಜು ಲೈಬ್ರರಿಯಲ್ಲಿ ಹಳೆಯ ಪ್ರತಿ ಸಿಕ್ಕರೂ ಸಾಕು, ಹೊಸದಕ್ಕೆ ದುಡ್ಡು ಹಾಕಬೇಡಿ. ಅದಾದ ಮೇಲೆ ಗ್ರೂನಿಗ್ ಮತ್ತು ಹಂಟ್ ಅವರ 1984ರ ಪುಸ್ತಕ, ‘ಮ್ಯಾನೇಜಿಂಗ್ ಪಬ್ಲಿಕ್ ರಿಲೇಶನ್ಸ್’. ಅವರು ಈ ಕೆಲಸವನ್ನು ನಾಲ್ಕು ಬಗೆ ಮಾಡುತ್ತಾರೆ. ಬರೀ ಪ್ರಚಾರ ಮಾಡುವುದು, ನಿಜವಾದ ಮಾಹಿತಿ ಕೊಡುವುದು, ಜನರ ಮಾತು ಕೇಳಿಸಿಕೊಂಡು ಅವರನ್ನು ನಮ್ಮ ಕಡೆ ಒಲಿಸುವುದು, ಕೊನೆಯದು ಜನರ ಮಾತು ಕೇಳಿ ನಾವೇ ಬದಲಾಗುವುದು. ಈ ನಾಲ್ಕನೆಯದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಫೇಸ್‌ಬುಕ್ ಹುಟ್ಟುವ ಇಪ್ಪತ್ತು ವರ್ಷ ಮುಂಚೆ ಬರೆದಿದ್ದು, ಇವತ್ತಿನ ಪೇಜ್ ನಡೆಸುವವರಿಗೇ ಜಾಸ್ತಿ ಬೇಕಾಗಿದೆ.

ಧಾರವಾಡದ ಓದುಗ: ಬರ್ನೇಸ್ ಅವರ ‘ಪ್ರಾಪಗಾಂಡಾ’ ಓದಿದೆ ಮೇಡಂ. ಪಿಆರ್‌ಗೆ ಅದೇ ಮೂಲ ಗ್ರಂಥ ಅಂತಾರೆ. ಒಪ್ಪುತ್ತೀರಾ?

ಮೇಡಂ: ಓದಬೇಕು, ಆದರೆ ಪಾಲಿಸಲು ಅಲ್ಲ. ಎಡ್ವರ್ಡ್ ಬರ್ನೇಸ್ ಅಮೆರಿಕದಲ್ಲಿ ಪಿಆರ್ ಕೆಲಸ ಬೆಳೆಸಿದವರಲ್ಲಿ ಒಬ್ಬರು, ಮನೋವಿಶ್ಲೇಷಣೆಯ ಫ್ರಾಯ್ಡ್ ಅವರ ಅಕ್ಕತಂಗಿಯ ಮಗ. ಆ ಪುಸ್ತಕ ಬಂದದ್ದು 1928ರಲ್ಲಿ. ಮರುವರ್ಷ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಹೆಣ್ಣುಮಕ್ಕಳ ಕೈಗೆ ಸಿಗರೇಟು ಕೊಟ್ಟು, ಇದು ಸ್ವಾತಂತ್ರ್ಯದ ದೀವಟಿಗೆ ಅಂತ ಸುದ್ದಿ ಮಾಡಿಸಿದರು. ಹಿಂದೆ ಇದ್ದದ್ದು ಸಿಗರೇಟ್ ಕಂಪನಿಯ ದುಡ್ಡು. ನಾವು ಹೇಗೆ ಮೋಸ ಹೋಗುತ್ತೇವೆ ಅಂತ ತಿಳಿಯಲು ಓದಿ. ಜೊತೆಗೆ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅವರ 1922ರ ‘ಪಬ್ಲಿಕ್ ಒಪೀನಿಯನ್’ ಇಟ್ಟುಕೊಳ್ಳಿ. ಕಣ್ಣಾರೆ ಕಾಣದ ಜಗತ್ತಿನ ಬಗ್ಗೆ ನಮ್ಮ ತಲೆಯಲ್ಲಿ ಚಿತ್ರಗಳು ಹೇಗೆ ಮೂಡುತ್ತವೆ ಅನ್ನುವುದು ಅದರ ವಿಷಯ. ನಿಧಾನವಾಗಿ ಓದಬೇಕಾದ ಪುಸ್ತಕ.

ಶಿವಮೊಗ್ಗದ ಬೇಕರಿಯವರು: ಮೇಡಂ, ನಮ್ಮದು ಅಪ್ಪ ಶುರು ಮಾಡಿದ ಬೇಕರಿ, 31 ವರ್ಷ ಆಯಿತು. ಗುರುವಾರ ಒಬ್ಬರು ಖಾರ ಬನ್‌ನಲ್ಲಿ ಹುಳು ಇದೆ ಅಂತ ವಿಡಿಯೊ ಮಾಡಿದ್ದಾರೆ. ಕೇಳಲು ಬಂದಾಗ ಕೌಂಟರಿನ ಹುಡುಗ ‘ಬೇಡದಿದ್ರೆ ಬಿಸಾಕಿ’ ಅಂದನಂತೆ. ಅದೂ ವಿಡಿಯೊದಲ್ಲಿದೆ. ಊರಿನ ಎಲ್ಲ ಗ್ರೂಪ್‌ಗಳಲ್ಲಿ ಓಡುತ್ತಿದೆ. ನಮ್ಮ ಇನ್‌ಸ್ಟಾ ಪೇಜ್‌ನಲ್ಲಿ ಬೈದವರ ಕಾಮೆಂಟ್‌ಗಳನ್ನು ರಾತ್ರಿ ಕೂತು ಅಳಿಸಿದೆ. ಬೆಳಿಗ್ಗೆ ಇನ್ನೂ ಜಾಸ್ತಿ ಬಂದಿವೆ. ಅಪ್ಪ ಅಂಗಡಿಗೆ ಬರುತ್ತಿಲ್ಲ. ಹೆಸರು ಉಳಿಸಿಕೊಳ್ಳಲು ಯಾವ ಪುಸ್ತಕ ಓದಲಿ?

ಮಂಡ್ಯದ ಅಣ್ಣ: ಗಾಬರಿ ಬೇಡ ತಮ್ಮಾ. ನಮ್ಮ ಹುಡುಗರು ನೂರು ಜನ ಒಟ್ಟಿಗೆ ರಿಪೋರ್ಟ್ ಹೊಡೆದರೆ ವಿಡಿಯೊ ಹಾರಿಹೋಗುತ್ತದೆ.

ಡಿಜಿಟಲ್ ಗೆಳೆಯ: ಫಾರ್ವರ್ಡ್ ಬಂದಿತ್ತು, ಹಾಕುತ್ತಿದ್ದೇನೆ. ‘ನಿಮ್ಮ ಅಂಗಡಿ ಮರ್ಯಾದೆ ಉಳಿಸುವ 7 ಸೂತ್ರ: 1. 200 ಫೈವ್ ಸ್ಟಾರ್ ರಿವ್ಯೂ ಖರೀದಿಸಿ. 2. ಲಾಯರ್ ನೋಟಿಸ್ ಕಳಿಸಿ. 3. ಪೇಜ್ ಹೆಸರು ಬದಲಿಸಿ...’

ಹಾಸನದ ಸದಸ್ಯ: ಮೇಡಂ, ಮೊದಲು ಯಾವ ಪುಸ್ತಕ ಓದಬೇಕು?

ಮೇಡಂ: ಮೇಲೆ ಹೇಳಿದ್ದೇನೆ.

ಮೇಡಂ: ಬೇಕರಿಯವರೇ, ಉದ್ದ ಬರೆಯುತ್ತೇನೆ. ಬೇರೆಯವರು ದಯವಿಟ್ಟು ಸ್ವಲ್ಪ ಕಾಯಿರಿ.

ಇವತ್ತು ಯಾವ ಪುಸ್ತಕವನ್ನೂ ಓದಬೇಡಿ. ಮೊದಲು ಗೋದಾಮಿಗೆ ಹೋಗಿ ಮೈದಾ ಮೂಟೆ ಬಿಚ್ಚಿ ನೋಡಿ. ಜರಡಿ ಹಿಡಿಯುತ್ತಾರಾ, ಯಾರು ಹಿಡಿಯುತ್ತಾರೆ, ಯಾವ ಮೂಟೆ ಯಾವತ್ತು ಬಂದದ್ದು, ಎಲ್ಲ ಬರೆದುಕೊಳ್ಳಿ. ಹುಳು ಎಲ್ಲಿಂದ ಬಂತು ಅಂತ ತಿಳಿಯದೆ ನೀವು ಹಾಕುವ ಪ್ರತಿ ಮಾತೂ ಸುಮ್ನೆ ಮಾತು.

ಎರಡನೆಯದು, ಆ ಗಿರಾಕಿಯ ಮನೆಗೆ ಹೋಗಿ. ನೀವೇ ಹೋಗಿ. ಅಪ್ಪ ಬಂದರೆ ಇನ್ನೂ ಒಳ್ಳೆಯದು. ಕೇಕ್ ಡಬ್ಬಿ ಒಯ್ಯಬೇಡಿ, ಬಾಯಿ ಮುಚ್ಚಿಸಲು ಬಂದಿರಿ ಅಂತಾರೆ. ವಿಡಿಯೊ ತೆಗೆಯಿರಿ ಅಂತ ಕೇಳಲೇಬೇಡಿ. ತಪ್ಪಾಯಿತು ಅನ್ನಿ, ಅವರು ಹೇಳುವುದನ್ನು ಕೇಳಿ, ಬನ್ನಿ.

ಮೂರನೆಯದು ನನಗೆ ಹುಳಕ್ಕಿಂತ ಜಾಸ್ತಿ ಚಿಂತೆ ತಂದದ್ದು. ಕಾಮೆಂಟ್ ಅಳಿಸಿದ್ದು. ಹುಳು ಯಾರ ಅಂಗಡಿಯಲ್ಲೂ ಬರಬಹುದು ಅಂತ ಜನಕ್ಕೆ ಗೊತ್ತು. ಮನೆಯ ಡಬ್ಬಿಯಲ್ಲೂ ಬರುತ್ತದೆ. ಆದರೆ ಹೇಳಿದ ಮಾತನ್ನು ಅಳಿಸಿದರೆ, ಇವರು ಮುಚ್ಚಿಡುತ್ತಾರೆ ಅಂತ ಅರ್ಥ ಆಗುತ್ತದೆ. ಕಾಮೆಂಟ್ ಅಳಿಸಿದ್ದು ನಾನೇ, ಅದು ತಪ್ಪು ಅಂತ ನಿಮ್ಮ ಪೋಸ್ಟ್‌ನಲ್ಲಿ ಬರೆಯಬೇಕು.

2003ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಕ್ಯಾಡ್‌ಬರಿ ಚಾಕೊಲೇಟ್‌ನಲ್ಲಿ ಹುಳು ಸಿಕ್ಕಿತು. ಅಂಗಡಿಯವರು ಸರಿಯಾಗಿ ಇಟ್ಟಿಲ್ಲ ಅಂತ ಕಂಪನಿ ಮೊದಲು ಹೇಳಿತು. ಯಾರೂ ಒಪ್ಪಲಿಲ್ಲ, ವ್ಯಾಪಾರ ಬಿತ್ತು. 2004ರ ಜನವರಿಯಲ್ಲಿ ಗಟ್ಟಿಯಾಗಿ ಸೀಲ್ ಮಾಡಿದ ಹೊಸ ಪ್ಯಾಕಿಂಗ್ ತಂದರು, ಅಮಿತಾಭ್ ಬಚ್ಚನ್ ಅವರನ್ನು ಜಾಹೀರಾತಿಗೆ ಕರೆತಂದರು. ಎಲ್ಲರಿಗೂ ಬಚ್ಚನ್ ನೆನಪಿದ್ದಾರೆ. ನನಗೆ ಪ್ಯಾಕಿಂಗ್ ಮುಖ್ಯ. ಅದು ಬದಲಾಗದೆ ಬಚ್ಚನ್ ಏನು ಹೇಳಿದರೂ ನಿಲ್ಲುತ್ತಿರಲಿಲ್ಲ.

ಇನ್ನೊಂದು 2009ರದ್ದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡಾಮಿನೋಸ್ ಅಂಗಡಿಯ ಇಬ್ಬರು ನೌಕರರು ತಿಂಡಿ ಹೊಲಸು ಮಾಡುವ ವಿಡಿಯೊ ಯೂಟ್ಯೂಬ್‌ಗೆ ಹಾಕಿದರು. ನಾವೇ ಮಾತಾಡಿ ದೊಡ್ಡದು ಮಾಡುವುದು ಬೇಡ ಅಂತ ಕಂಪನಿ ಮೊದಲು ಸುಮ್ಮನಿತ್ತು. ಅಷ್ಟರಲ್ಲಿ ಆ ವಿಡಿಯೊ ಹತ್ತು ಲಕ್ಷ ಸಲ ಓಡಿತ್ತು. ಕೊನೆಗೆ ಅಲ್ಲಿನ ಮುಖ್ಯಸ್ಥ ಪ್ಯಾಟ್ರಿಕ್ ಡಾಯ್ಲ್ ಅದೇ ಯೂಟ್ಯೂಬ್‌ನಲ್ಲಿ ಬಂದು ಕ್ಷಮೆ ಕೇಳಿದರು. ಬೈಗುಳ ಎಲ್ಲಿ ಓಡುತ್ತಿದೆಯೋ ಉತ್ತರವೂ ಅಲ್ಲೇ ಕೊಡಬೇಕು. ನಿಮ್ಮದು ಇನ್‌ಸ್ಟಾ ಮತ್ತು ವಾಟ್ಸಾಪ್. ಪತ್ರಿಕಾಗೋಷ್ಠಿ ಬೇಡ.

ಈಗ ಮೇಲಿನ ಸಲಹೆಗಳು. ರಿಪೋರ್ಟ್ ಹೊಡೆಸುವುದು, ನೋಟಿಸ್ ಕಳಿಸುವುದು ಬೇಡವೇ ಬೇಡ. 2003ರಲ್ಲಿ ಗಾಯಕಿ ಬಾರ್ಬರಾ ಸ್ಟ್ರೈಸಾಂಡ್ ಕಡಲತೀರದ ತಮ್ಮ ಮನೆಯ ಫೋಟೊ ಒಂದು ವೆಬ್‌ಸೈಟ್‌ನಲ್ಲಿದೆ ಅಂತ 5 ಕೋಟಿ ಡಾಲರ್‌ಗೆ ದಾವೆ ಹೂಡಿದರು. ಅದಕ್ಕೆ ಮೊದಲು ಆ ಫೋಟೊ ಡೌನ್‌ಲೋಡ್ ಆಗಿದ್ದು 6 ಸಲ, ಅದರಲ್ಲಿ 2 ಅವರ ವಕೀಲರದ್ದೇ. ಸುದ್ದಿಯಾದ ಮೇಲೆ ಒಂದು ತಿಂಗಳಲ್ಲಿ 4 ಲಕ್ಷಕ್ಕೂ ಜಾಸ್ತಿ ಜನ ಬಂದು ನೋಡಿದರು. ದಾವೆಯೂ ಬಿದ್ದುಹೋಯಿತು. ಇನ್ನು ರಿವ್ಯೂ ಕೊಳ್ಳುವುದು ಅಂದರೆ ಗಿರಾಕಿಗೆ ಹೇಳುವ ಸುಳ್ಳು. ಒಂದೇ ರಾತ್ರಿ 200 ಜನ ನಿಮ್ಮ ಖಾರ ಬನ್ ಹೊಗಳಿದರೆ ಶಿವಮೊಗ್ಗದವರಿಗೆ ಗೊತ್ತಾಗುವುದಿಲ್ಲವಾ?

ಡಿಜಿಟಲ್ ಗೆಳೆಯ: ಮೇಡಂ, ಎಲ್ಲರೂ ಮಾಡ್ತಾರೆ.

ಮೇಡಂ: ಮಾಡಿ ಸಿಕ್ಕಿಬಿದ್ದವರು ಆಮೇಲೆ ನನ್ನ ಹತ್ತಿರ ಬರುತ್ತಾರೆ. ಆ ಫಾರ್ವರ್ಡ್ ಅಳಿಸಿ. ಸಂಕಟದಲ್ಲಿರುವ ಮನುಷ್ಯ ಅದನ್ನು ನಂಬಿಬಿಡುತ್ತಾನೆ.

ಮಂಡ್ಯದ ಅಣ್ಣ: ನಾನು ಸಹಾಯ ಮಾಡಲು ಹೇಳಿದ್ದು. ಒಂದು ಕೆಲಸ ಮಾಡಿ, ಆ ಕೌಂಟರ್ ಹುಡುಗನನ್ನು ತೆಗೆದು ಅವನ ಫೋಟೊ ಪೇಜ್‌ಗೆ ಹಾಕಿಬಿಡಿ. ಜನ ತಣ್ಣಗಾಗುತ್ತಾರೆ.

ಮೇಡಂ: ದಯವಿಟ್ಟು ಬೇಡ. ಇದಕ್ಕೇ ಒಂದು ಪುಸ್ತಕ ಹೇಳುತ್ತೇನೆ. ಜಾನ್ ರಾನ್ಸನ್ ಅವರ 2015ರ ‘ಸೋ ಯೂ ಹ್ಯಾವ್ ಬೀನ್ ಪಬ್ಲಿಕ್ಲಿ ಶೇಮ್ಡ್’. ಆನ್‌ಲೈನ್‌ನಲ್ಲಿ ಮಾನ ಹರಾಜಾದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ ಬರೆದದ್ದು. 2013ರಲ್ಲಿ ಒಬ್ಬ ಮಹಿಳೆ ವಿಮಾನ ಹತ್ತುವ ಮುಂಚೆ ಒಂದು ಕೆಟ್ಟ ಟ್ವೀಟ್ ಮಾಡಿದರು. 11 ಗಂಟೆ ಹಾರಿ ಕೇಪ್‌ಟೌನ್‌ನಲ್ಲಿ ಇಳಿಯುವಷ್ಟರಲ್ಲಿ ಜಗತ್ತೆಲ್ಲ ಬೈದಿತ್ತು. ಕೆಲಸ ಹೋಯಿತು. ಅವರು ಇದ್ದದ್ದೂ ಪಿಆರ್ ಕೆಲಸದಲ್ಲೇ. ಆ ಹುಡುಗ ಸಂಜೆ ಎಷ್ಟು ಹೊತ್ತಿನಿಂದ ನಿಂತಿದ್ದ, ದೂರು ಬಂದರೆ ಏನು ಹೇಳಬೇಕು ಅಂತ ಯಾರಾದರೂ ಕಲಿಸಿದ್ದರಾ? ಮಾಲೀಕರ ತಪ್ಪನ್ನು ಹನ್ನೆರಡು ಸಾವಿರ ಸಂಬಳದ ಹುಡುಗನ ತಲೆಗೆ ಕಟ್ಟಬೇಡಿ.

ಮಂಡ್ಯದ ಅಣ್ಣ: ಸರಿ ಬಿಡಿ. ನಾನಿನ್ನು ಹೇಳಲ್ಲ.

ಬೆಂಗಳೂರಿನ ಟೆಕ್ಕಿ: ಈ ಎಲ್ಲ ಪುಸ್ತಕಗಳ ಪಿಡಿಎಫ್ ಫೋಲ್ಡರ್ ನನ್ನ ಹತ್ತಿರ ಇದೆ. ಬೇಕಾದವರು ‘ಬೇಕು’ ಅಂತ ಹಾಕಿ.

ಹಾಸನದ ಸದಸ್ಯ: ಬೇಕು

ಕೋಲಾರದ ಸದಸ್ಯ: ಬೇಕು ಸರ್

ಮೈಸೂರಿನ ಪುಸ್ತಕದಂಗಡಿ: ಬರೆದವರಿಗೆ, ಮಾರುವವರಿಗೆ ಹೊಟ್ಟೆ ಇಲ್ಲವಾ? ಕದ್ದ ಪುಸ್ತಕ ಓದಿ ಜನರ ನಂಬಿಕೆ ಗಳಿಸುವುದನ್ನು ಕಲಿಯುತ್ತೀರಾ?

ಬೆಂಗಳೂರಿನ ಟೆಕ್ಕಿ: ಸರ್, 900 ರೂಪಾಯಿ ಕೊಟ್ಟು ಕೊಳ್ಳಲು ಎಲ್ಲರಿಗೂ ಆಗಲ್ಲ.

ಮೈಸೂರಿನ ಪುಸ್ತಕದಂಗಡಿ: ಲೈಬ್ರರಿ ಇದೆ. ಹಳೆಯ ಪುಸ್ತಕದ ಅಂಗಡಿ ಇದೆ. ನಿಮ್ಮ ಫೋನ್ ಎಷ್ಟರದ್ದು?

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಪಿಡಿಎಫ್ ಈ ಗ್ರೂಪ್‌ನಲ್ಲಿ ಬೇಡ.

ಕಲಬುರಗಿಯ ಯುವಕ: ಮೇಡಂ, ಈ ಕೆಲಸದಲ್ಲಿ ಶುರುವಿನ ಸಂಬಳ ಎಷ್ಟು?

ಮಂಗಳೂರಿನ ರೀಲ್ಸ್ ಹುಡುಗಿ: ಮೇಡಂ, ಹೋಟೆಲ್‌ನವರು ದುಡ್ಡು ಕೊಟ್ಟು ರೀಲ್ ಮಾಡಿಸುತ್ತಾರೆ. ‘ಜಾಹೀರಾತು’ ಅಂತ ಹಾಕಿದರೆ ನೋಡುವವರು ಕಡಿಮೆ ಆಗುತ್ತಾರೆ. ಹಾಕಲೇಬೇಕಾ?

ಮೇಡಂ: ಹಾಕಲೇಬೇಕು. ಜಾಹೀರಾತು ಗುಣಮಟ್ಟ ಮಂಡಳಿಯ ನಿಯಮ 2021ರಿಂದ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಹೇಳಿದೆ. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ಊಟ, ರೂಮು ಕೊಟ್ಟರೂ ಹೇಳಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಮಂಗಳೂರಿನ ರೀಲ್ಸ್ ಹುಡುಗಿ: ಪುಸ್ತಕ?

ಮೇಡಂ: ರಾಬರ್ಟ್ ಚಾಲ್ಡಿನಿ ಅವರ ‘ಇನ್‌ಫ್ಲುಯೆನ್ಸ್’, 1984ರದ್ದು. ಹತ್ತು ಜನ ಮಾಡಿದರೆ ಹನ್ನೊಂದನೆಯವನೂ ಯಾಕೆ ಮಾಡುತ್ತಾನೆ, ಪುಕ್ಕಟೆ ಕೊಟ್ಟವರಿಗೆ ಇಲ್ಲ ಅನ್ನಲು ಯಾಕೆ ಆಗುವುದಿಲ್ಲ ಅಂತ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಹೋಟೆಲ್‌ನವರು ಪುಕ್ಕಟೆ ಊಟ ಯಾಕೆ ಹಾಕುತ್ತಾರೆ ಅಂತ ನಿಮಗೇ ಗೊತ್ತಾಗುತ್ತದೆ.

ಕೋಲಾರದ ಸದಸ್ಯ: ಸೋಷಿಯಲ್ ಮೀಡಿಯಾಕ್ಕೆ ಒಂದೇ ಒಂದು ಪುಸ್ತಕ ಹೇಳಿ ಮೇಡಂ, ಟೈಮ್ ಇಲ್ಲ.

ಮೇಡಂ: ಡೇವಿಡ್ ಮೀರ್ಮನ್ ಸ್ಕಾಟ್, ‘ದ ನ್ಯೂ ರೂಲ್ಸ್ ಆಫ್ ಮಾರ್ಕೆಟಿಂಗ್ ಅಂಡ್ ಪಿಆರ್’. ಮೊದಲು ಬಂದದ್ದು 2007. ಹೊಸ ಆವೃತ್ತಿಯನ್ನೇ ತೆಗೆದುಕೊಳ್ಳಿ, ಇಂಥ ಪುಸ್ತಕ ಬೇಗ ಹಳತಾಗುತ್ತದೆ.

ಗದಗದ ಮೇಷ್ಟ್ರು: ಎಲ್ಲವೂ ಇಂಗ್ಲಿಷ್ ಪುಸ್ತಕಗಳೇ ಆದವಲ್ಲ. ನಮ್ಮ ಹುಡುಗರು ಏನು ಮಾಡಬೇಕು?

ಬೆಂಗಳೂರಿನ ಟೆಕ್ಕಿ: ಸರ್, ಇಂಗ್ಲಿಷ್ ಬರದಿದ್ದರೆ ಈ ಫೀಲ್ಡ್‌ಗೆ ಬರಲೇಬಾರದು.

ಗದಗದ ಮೇಷ್ಟ್ರು: ಗಿರಾಕಿ ಕನ್ನಡದಲ್ಲಿ ಬೈಯುತ್ತಾನೆ. ಉತ್ತರ ಯಾವ ಭಾಷೆಯಲ್ಲಿ ಕೊಡುತ್ತೀರಿ?

ಬೆಂಗಳೂರಿನ ಟೆಕ್ಕಿ: ಟ್ರಾನ್ಸ್‌ಲೇಟ್ ಮಾಡಿದರಾಯಿತು. ಅದೇನು ದೊಡ್ಡದು.

ಗದಗದ ಮೇಷ್ಟ್ರು: ಅದೇ ದೊಡ್ಡದು! ನಿಮ್ಮಂಥವರು ಮಾಡಿದ ಅನುವಾದ ಓದಿ ಕನ್ನಡ ಅಂದರೆ ಮಕ್ಕಳು ಹೆದರುತ್ತಾರೆ.

ಬೆಂಗಳೂರಿನ ಟೆಕ್ಕಿ: ಪರ್ಸನಲ್ ಆಗಬೇಡಿ ಮೇಷ್ಟ್ರೇ.

ಮೇಡಂ: ಮೇಷ್ಟ್ರ ಮಾತು ಸರಿ, ಕೊನೆಯ ವಾಕ್ಯ ಬೇಕಿರಲಿಲ್ಲ. ‘ಅನಾನುಕೂಲತೆಗಾಗಿ ವಿಷಾದಿಸುತ್ತೇವೆ’ ಅನ್ನುವುದು ಇಂಗ್ಲಿಷ್ ಬೋರ್ಡಿನ ನೆರಳು. ಯಾವ ಮನೆಯಲ್ಲೂ ಯಾರೂ ಯಾರಿಗೂ ಹಾಗೆ ಕ್ಷಮೆ ಕೇಳುವುದಿಲ್ಲ. ಈ ವಿದ್ಯೆಯನ್ನು ಇಂಗ್ಲಿಷ್ ಪುಸ್ತಕದಲ್ಲಿ ಕಲಿತರೂ ಮಾತನ್ನು ನಮ್ಮ ಅಂಗಡಿ ಕಟ್ಟೆಯಲ್ಲೇ ಕಲಿಯಬೇಕು.

ಹಾಸನದ ಸದಸ್ಯ: ಮೊದಲು ಯಾವ ಪುಸ್ತಕ ಅಂತ ಯಾರಾದರೂ ಹೇಳಿ ಪ್ಲೀಸ್.

ತುಮಕೂರಿನ ವಿದ್ಯಾರ್ಥಿನಿ: ಮೇಲೆ ನನ್ನ ಪ್ರಶ್ನೆಗೇ ಉತ್ತರ ಇದೆ ಅಣ್ಣ. ಎರಡನೇ ಸಲ ಕೇಳುತ್ತಿದ್ದೀರಿ.

ಹಾಸನದ ಸದಸ್ಯ: ನಿಮ್ಮನ್ನು ಕೇಳಿಲ್ಲ.

ಚಿತ್ರದುರ್ಗದ ಸದಸ್ಯ: ರಾಜಕೀಯದವರ ಪೇಜ್ ನೋಡಿಕೊಳ್ಳಲು ಯಾವ ಪುಸ್ತಕ ಒಳ್ಳೆಯದು?

ಶಿವಮೊಗ್ಗದ ಬೇಕರಿಯವರು: ಮೇಡಂ, ಸಂಜೆಯೇ ಹೋಗಿ ಬಂದೆವು. ಅಪ್ಪನೂ ಬಂದರು. ಗಿರಾಕಿ ಬಾಗಿಲಲ್ಲೇ ನಿಂತು ಮಾತಾಡಿದರು, ಒಳಗೆ ಕರೆಯಲಿಲ್ಲ. ಮಗುವಿಗೆ ಅಂತ ಒಯ್ದ ಬನ್ ಅಂತೆ. ವಿಡಿಯೊ ತೆಗೆಯಲ್ಲ ಅಂದರು. ಮೂಟೆಯೂ ನೋಡಿದೆ. ಒಂದು ಹಳೇ ಮೂಟೆಯ ತಳದಲ್ಲಿ ಹುಳು ಇತ್ತು. ಅವತ್ತು ಜರಡಿ ಹಿಡಿದಿಲ್ಲ. ಪೋಸ್ಟ್ ಬರೆದಿದ್ದೇನೆ, ನೋಡಿ: ‘ಗೌರವಾನ್ವಿತ ಗ್ರಾಹಕರೇ, ಅಚಾತುರ್ಯದಿಂದ ಉಂಟಾದ ಅನಾನುಕೂಲತೆಗಾಗಿ ನಮ್ಮ ಸಂಸ್ಥೆ ವಿಷಾದಿಸುತ್ತದೆ. ಕೆಲವರು ಇದನ್ನು ಉದ್ದೇಶಪೂರ್ವಕವಾಗಿ ಹಬ್ಬಿಸುತ್ತಿದ್ದಾರೆ.’

ಮೇಡಂ: ಹೋಗಿ ಬಂದದ್ದು ಒಳ್ಳೆಯದಾಯಿತು. ಪೋಸ್ಟ್ ಪೂರ್ತಿ ಅಳಿಸಿ. ಎರಡನೇ ವಾಕ್ಯ ಅಂತೂ ಬೇಡವೇ ಬೇಡ. ನನಗೆ ಈಗ ಬರೆದಿರಲ್ಲ, ಮೂಟೆ, ಜರಡಿ, ಅಪ್ಪ, ಹಾಗೇ ಬರೆಯಿರಿ.

ಶಿವಮೊಗ್ಗದ ಬೇಕರಿಯವರು: ‘ಗುರುವಾರ ನಮ್ಮ ಖಾರ ಬನ್‌ನಲ್ಲಿ ಹುಳು ಇತ್ತು. ತಪ್ಪು ನಮ್ಮದು. ಹಳೇ ಮೈದಾ ಮೂಟೆಯಲ್ಲಿ ಹುಳು ಸಿಕ್ಕಿದೆ. ಅವತ್ತು ಜರಡಿ ಹಿಡಿದಿರಲಿಲ್ಲ. ಆ ಮೂಟೆಗಳನ್ನೆಲ್ಲ ಹೊರಗೆ ಹಾಕಿದ್ದೇವೆ. ಕೇಳಲು ಬಂದವರಿಗೆ ನಮ್ಮ ಅಂಗಡಿಯಲ್ಲಿ ಒರಟು ಮಾತು ಬಂತು, ಅದಕ್ಕೂ ಕ್ಷಮಿಸಿ. ನಿಮ್ಮ ಕಾಮೆಂಟ್ ಅಳಿಸಿದ್ದು ನಾನೇ. ಹೆದರಿ ಅಳಿಸಿದೆ. ಇನ್ನು ಅಳಿಸುವುದಿಲ್ಲ. ನಾಳೆ, ನಾಡಿದ್ದು ಬೇಕರಿ ಮುಚ್ಚಿ ತೊಳೆಯುತ್ತೇವೆ. ಬುಧವಾರದಿಂದ ಯಾರು ಬೇಕಾದರೂ ಒಳಗೆ ಬಂದು ನೋಡಬಹುದು.’

ಮೇಡಂ: ಒಂದು ಅಕ್ಷರವೂ ಬದಲಿಸಬೇಡಿ. ಕೆಳಗೆ ಅಪ್ಪನ ಹೆಸರು, ನಿಮ್ಮ ಹೆಸರು ಹಾಕಿ. ಬೈಗುಳ ಬಂದೇ ಬರುತ್ತದೆ, ಒಂದೊಂದಕ್ಕೂ ಉತ್ತರ ಕೊಡಿ, ವಾದ ಮಾಡಬೇಡಿ. ಕೌಂಟರ್ ಹುಡುಗನಿಗೆ ಇವತ್ತೇ ಫೋನ್ ಮಾಡಿ, ಕೆಲಸ ಇದೆ ಅಂತ ಹೇಳಿ.

ಶಿವಮೊಗ್ಗದ ಬೇಕರಿಯವರು: ಹಾಕಿದೆ ಮೇಡಂ. ಅವನಿಗೆ ಅಪ್ಪನೇ ಫೋನ್ ಮಾಡುತ್ತಿದ್ದಾರೆ.