ಟಿಕಿಂಟರ್ ವಿಂಡೋಗೆ ನಮ್ಮದೇ ಐಕಾನ್ ಕೊಟ್ಟರೂ ಟಾಸ್ಕ್‌ಬಾರಿನಲ್ಲಿ ಪೈಥಾನ್ ಚಿಹ್ನೆಯೇ ಕಾಣುತ್ತಿದೆ

ಪ್ರಶ್ನೆ:
ನಮಸ್ಕಾರ. ನಮ್ಮೂರಿನ ಗ್ರಂಥಾಲಯದಲ್ಲಿ ಎರವಲು ಪುಸ್ತಕಗಳ ಲೆಕ್ಕವಿಡಲು ವಿಂಡೋಗಳನ್ನು ರಚಿಸುವ ಪೈಥಾನ್‌ನ ಟಿಕಿಂಟರ್ ಬಳಸಿ ವಿಂಡೋಸ್‌ಗಾಗಿ ಸಣ್ಣ ತಂತ್ರಾಂಶವೊಂದನ್ನು ಬರೆದಿದ್ದೇನೆ. ತೆರೆದ ಪುಸ್ತಕದ ಚಿತ್ರವನ್ನು ಐಕೋ (ವಿಂಡೋಸ್‌ನ ಐಕಾನ್) ಕಡತವಾಗಿ ಉಳಿಸಿ, ವಿಂಡೋಗೆ ಐಕಾನ್ ಹಾಕುವ ಐಕಾನ್‌ಬಿಟ್‌ಮ್ಯಾಪ್ ಮೂಲಕ ಕೊಟ್ಟಾಗ, ಶೀರ್ಷಿಕೆ ಪಟ್ಟಿಯಲ್ಲಿದ್ದ ಟಿಕಿಂಟರ್‌ನ ಗರಿಯ ಚಿಹ್ನೆ ಹೋಗಿ ಪುಸ್ತಕ ಬಂದಿತು. ಆದರೆ ಟಾಸ್ಕ್‌ಬಾರಿನಲ್ಲಿ ಪೈಥಾನ್‌ನ ಜೋಡಿ ಹಾವುಗಳೇ ಉಳಿದಿವೆ. ಅಲ್ಲದೆ, ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ನಿಂದ ತೆರೆದರೆ ಐಕಾನ್ ಸಿಗಲಿಲ್ಲವೆಂಬ ದೋಷ ಬಂದು ತಂತ್ರಾಂಶ ನಿಂತುಬಿಡುತ್ತದೆ. ದಯವಿಟ್ಟು ಪರಿಹಾರ ತಿಳಿಸಿ.

ಉತ್ತರ 1:
ನಿಮ್ಮ ಐಕಾನ್ ಕಡತದಲ್ಲಿ ತಪ್ಪಿಲ್ಲ. ಟಾಸ್ಕ್‌ಬಾರಿನ ಗುಂಡಿಗಳನ್ನು ವಿಂಡೋಸ್ ಒಂದು ಗುರುತಿನ ಆಧಾರದ ಮೇಲೆ ಗುಂಪು ಮಾಡುತ್ತದೆ. ನಿಮ್ಮ ತಂತ್ರಾಂಶವನ್ನು ನಡೆಸುತ್ತಿರುವುದು ಪೈಥಾನ್ ಆದ್ದರಿಂದ ಅದಕ್ಕೆ ಪೈಥಾನ್‌ನ ಗುರುತೇ ಅಂಟಿಕೊಳ್ಳುತ್ತದೆ. ಪೈಥಾನ್‌ನಿಂದ ವಿಂಡೋಸ್‌ನ ಫಂಕ್ಷನ್‌ಗಳನ್ನು ಕರೆಯಲು ನೆರವಾಗುವ ಸಿಟೈಪ್ಸ್ ಮೂಲಕ, ವಿಂಡೋಸ್‌ನ ಶೆಲ್32ರಲ್ಲಿರುವ ಸೆಟ್‌ಕರೆಂಟ್‌ಪ್ರೋಸೆಸ್‌ಎಕ್ಸ್‌ಪ್ಲಿಸಿಟ್‌ಆ್ಯಪ್‌ಯೂಸರ್‌ಮಾಡೆಲ್‌ಐಡಿ ಎಂಬ ಫಂಕ್ಷನ್ ಅನ್ನು ಕರೆದು, ಖಾಲಿ ಜಾಗವಿಲ್ಲದ ನಿಮ್ಮದೇ ಹೆಸರೊಂದನ್ನು ಕೊಡಿ. ಮೊದಲ ವಿಂಡೋ ತೆರೆಯುವುದಕ್ಕಿಂತ ಮುಂಚೆಯೇ ಇದನ್ನು ಕರೆಯಬೇಕು. ವಿಂಡೋಸ್ 7ರಿಂದ ಈ ಸೌಲಭ್ಯವಿದೆ.

ಉತ್ತರ 2:
ಶಾರ್ಟ್‌ಕಟ್‌ನ ದೋಷಕ್ಕೆ ಕಾರಣ ಬೇರೆ. ನೀವು ಕಡತದ ಹೆಸರನ್ನಷ್ಟೇ ಬರೆದಿದ್ದರೆ ಟಿಕಿಂಟರ್ ಅದನ್ನು ಹುಡುಕುವುದು ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲಲ್ಲ, ಆ ಹೊತ್ತಿನಲ್ಲಿ ಚಾಲ್ತಿಯಲ್ಲಿರುವ ಫೋಲ್ಡರಿನಲ್ಲಿ. ಶಾರ್ಟ್‌ಕಟ್‌ನಲ್ಲಿ ಅದು ಬೇರೆಯಾಗಿರಬಹುದು. ಆದ್ದರಿಂದ ಸ್ಕ್ರಿಪ್ಟ್ ಎಲ್ಲಿದೆ ಎಂದು ತಿಳಿಸುವ ಫೈಲ್ (__file__) ಚರಾಂಶದಿಂದ ಐಕಾನಿನ ಪೂರ್ಣ ಪಾಥ್ ಕಟ್ಟಿಕೊಳ್ಳಿ. ಮುಂದೆ ಪೈಇನ್‌ಸ್ಟಾಲರ್ ಎಂಬ ಸಾಧನದಿಂದ ಎಕ್ಸ್ಇ (ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ನೇರವಾಗಿ ನಡೆಯುವ ಕಡತ) ಮಾಡುವುದಾದರೆ, ಅದರ ಐಕಾನ್ ಆಯ್ಕೆ ಎಕ್ಸ್ಇ ಕಡತದ ಚಿಹ್ನೆಯನ್ನು ಮಾತ್ರ ಬದಲಿಸುತ್ತದೆ. ಐಕಾನ್‌ಬಿಟ್‌ಮ್ಯಾಪ್‌ಗೆ ಕೊಡುವ ಐಕೋ ಕಡತವನ್ನು ಆ್ಯಡ್-ಡೇಟಾ ಆಯ್ಕೆಯಿಂದ ಪ್ರತ್ಯೇಕವಾಗಿ ಸೇರಿಸಬೇಕು. ಇದನ್ನು ಮರೆತು ನಾನೇ ಒಂದು ಸಂಜೆಯಿಡೀ ಹುಡುಕಾಡಿದ್ದೇನೆ.

ಪ್ರಶ್ನೆ ಕೇಳಿದವರು:
ಎರಡೂ ಸರಿಯಾದವು, ತುಂಬಾ ಧನ್ಯವಾದಗಳು. ಆದರೆ ಶೀರ್ಷಿಕೆ ಪಟ್ಟಿಯಲ್ಲಿ ಪುಸ್ತಕದ ಹಾಳೆಗಳು ಕಲಸಿಹೋದಂತೆ ಕಾಣುತ್ತವೆ. ಸದಸ್ಯರ ನೋಂದಣಿಗೆಂದು ತೆರೆಯುವ ಎರಡನೆಯ ವಿಂಡೋದಲ್ಲಿ ಹಳೆಯ ಗರಿಯೇ ಇದೆ.

ಉತ್ತರ 1:
ಎರಡನೆಯ ವಿಂಡೋಗೂ ಪುಸ್ತಕವೇ ಬರಬೇಕಾದರೆ ಐಕಾನ್‌ಬಿಟ್‌ಮ್ಯಾಪ್‌ಗೆ ಕಡತವನ್ನು ಡೀಫಾಲ್ಟ್ ಎಂಬ ಹೆಸರಿನಲ್ಲಿ ಕೊಡಿ. ಮಸುಕಿನ ವಿಷಯಕ್ಕೆ ಬಂದರೆ, ಒಂದೇ ಐಕೋ ಕಡತದೊಳಗೆ 16, 32, 48 ಮತ್ತು 256 ಪಿಕ್ಸೆಲ್‌ಗಳ ಚಿತ್ರಗಳನ್ನು ಬೇರೆಬೇರೆಯಾಗಿ ಇಡಬಹುದು. ದೊಡ್ಡ ಚಿತ್ರವನ್ನೇ 16ಕ್ಕೆ ಕುಗ್ಗಿಸಿದರೆ ಸಣ್ಣ ಗೆರೆಗಳು ಒಂದರೊಳಗೊಂದು ಸೇರಿಹೋಗುತ್ತವೆ. ಆ ಅಳತೆಗೆ ಹಾಳೆಗಳ ಗೆರೆಗಳನ್ನು ಪೂರ್ತಿ ಬಿಟ್ಟು, ಎರಡು ರಟ್ಟು ಮತ್ತು ನಡುವಿನ ಬೆನ್ನನ್ನು ಮಾತ್ರ ದಪ್ಪಗೆ ಬರೆದು ನೋಡಿ.