ನಾಲ್ಕು ಪರದೆಗಳ ಗೋಡೆಯಲ್ಲಿ ಪ್ಯಾರಾವ್ಯೂ: ಚಿತ್ರ ಹರಡುತ್ತಿಲ್ಲ, ಎರಡನೆಯವರಿಗೆ ಸಂಪರ್ಕವಿಲ್ಲ

ಪ್ರಶ್ನೆ:
ನಮಸ್ಕಾರ. 24 ಇಂಚಿನ ನಾಲ್ಕು ಮಾನಿಟರ್‌ಗಳನ್ನು ಎರಡರ ಮೇಲೆರಡರಂತೆ ಜೋಡಿಸಿದ್ದೇವೆ. ಒಂದೊಂದಕ್ಕೂ ಒಂದು ಲಿನಕ್ಸ್ ಕಂಪ್ಯೂಟರ್. ನದಿ ಪ್ರವಾಹದ ಸಿಮ್ಯುಲೇಶನ್ ಮುಂದೆ ಆರು ಜನ ನಿಂತು ಚರ್ಚಿಸಬೇಕೆಂಬುದು ನಮ್ಮ ಆಸೆ. ಸಿಮ್ಯುಲೇಶನ್ ದತ್ತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂ ತಂತ್ರಾಂಶದ ಸರ್ವರ್ ಭಾಗವಾದ ಪಿವಿಸರ್ವರ್ ಅನ್ನು ಎಂಪಿಐ (ಒಂದೇ ಕೆಲಸವನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚಿ ನಡೆಸುವ ವ್ಯವಸ್ಥೆ) ಮೂಲಕ ನಾಲ್ಕು ಪ್ರಕ್ರಿಯೆಗಳಾಗಿ ಓಡಿಸಿ, ಟೈಲ್ ಅಳತೆಯನ್ನು (ಒಂದು ದಿಕ್ಕಿಗೆ ಎಷ್ಟು ಪರದೆ ಎಂಬುದನ್ನು) ಎರಡು ದಿಕ್ಕಿಗೂ 2 ಎಂದು ಕೊಟ್ಟೆ. ನಾಲ್ಕೂ ವಿಂಡೋಗಳು ಮೊದಲ ಕಂಪ್ಯೂಟರ್‌ನಲ್ಲೇ ತೆರೆದುಕೊಳ್ಳುತ್ತಿವೆ. ನನ್ನ ಲ್ಯಾಪ್‌ಟಾಪ್ ಸರ್ವರ್‌ಗೆ ಸೇರಿದ ಮೇಲೆ ಗೆಳತಿಯ ಲ್ಯಾಪ್‌ಟಾಪ್ ಸೇರುವುದೇ ಇಲ್ಲ. ಮೂರು ದಿನವಾಯಿತು, ದಯವಿಟ್ಟು ದಾರಿ ತೋರಿಸಿ.

ಉತ್ತರ:
ಎಂಪಿಐಗೆ ಕಂಪ್ಯೂಟರ್‌ಗಳ ಪಟ್ಟಿ ಕೊಟ್ಟಂತಿಲ್ಲ. ಪಟ್ಟಿ ಇಲ್ಲದಿದ್ದರೆ ಎಲ್ಲ ಪ್ರಕ್ರಿಯೆಗಳೂ ಆಜ್ಞೆ ಕೊಟ್ಟ ಯಂತ್ರದಲ್ಲೇ ಹುಟ್ಟುತ್ತವೆ. ಆ ಪಟ್ಟಿಯ ಕಡತವಾದ ಹೋಸ್ಟ್‌ಫೈಲ್‌ನಲ್ಲಿ ಸಾಲಿಗೊಂದು ಕಂಪ್ಯೂಟರ್ ಹೆಸರು, ಪ್ರತಿಯೊಂದಕ್ಕೂ ಒಂದೇ ಸ್ಲಾಟ್ (ಒಂದು ಪ್ರಕ್ರಿಯೆಗೆ ಜಾಗ) ಬರೆಯಿರಿ. ದೂರದಿಂದ ಆರಂಭವಾದ ಪ್ರಕ್ರಿಯೆಗೆ ಯಾವ ಪರದೆಗೆ ಬಿಡಿಸಬೇಕೆಂಬುದು ತಾನಾಗಿ ತಿಳಿಯುವುದಿಲ್ಲ. ಆದ್ದರಿಂದ ಅದನ್ನು ತಿಳಿಸುವ ಡಿಸ್‌ಪ್ಲೇ (DISPLAY) ಪರಿಸರ ಚರವನ್ನೂ ಕಳುಹಿಸಿ. ನಾಲ್ಕೂ ಯಂತ್ರಗಳಲ್ಲಿ ಅದೇ ಬಳಕೆದಾರರು ಲಾಗಿನ್ ಆಗಿರಲಿ. ಕಡತವನ್ನು ಓದುವುದು ಲ್ಯಾಪ್‌ಟಾಪ್ ಅಲ್ಲ, ಸರ್ವರ್. ಹಾಗಾಗಿ ದತ್ತಾಂಶವು ನಾಲ್ಕೂ ಕಡೆ ಒಂದೇ ವಿಳಾಸದಲ್ಲಿ ಸಿಗಬೇಕು.

ಗೆಳತಿಯ ತೊಂದರೆ ಬೇರೆ. ಸರ್ವರ್ ಅನ್ನು ‘ಮಲ್ಟಿ-ಕ್ಲೈಂಟ್ಸ್’ ಆಯ್ಕೆಯೊಂದಿಗೆ ಆರಂಭಿಸದಿದ್ದರೆ ಅದು ಒಬ್ಬರನ್ನಷ್ಟೇ ಒಳಗೆ ಬಿಡುತ್ತದೆ. ಎಲ್ಲರ ಪ್ಯಾರಾವ್ಯೂ ಆವೃತ್ತಿಯೂ ಸರ್ವರ್‌ನದೇ ಆಗಿರಲಿ.

ಪ್ರಶ್ನೆ ಕೇಳಿದವರು:
ಚಿತ್ರ ನಾಲ್ಕೂ ಪರದೆಗೆ ಹರಡಿತು, ತುಂಬಾ ಧನ್ಯವಾದ! ಗೆಳತಿಯೂ ಸೇರಿದರು, ಆದರೆ ಅವರಿಗೆ ಏನನ್ನೂ ಬದಲಿಸಲಾಗುತ್ತಿಲ್ಲ. ಜೊತೆಗೆ, ನದಿಯ ದಂಡೆ ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುವಾಗ ಮುರಿದಂತೆ ಕಾಣುತ್ತದೆ.

ಉತ್ತರ:
ಬದಲಿಸುವ ಹಕ್ಕು ಒಂದು ಹೊತ್ತಿಗೆ ಒಬ್ಬರಿಗೇ. ಕೊಲಾಬರೇಶನ್ ಪ್ಯಾನೆಲ್ ತೆರೆದು ‘ಮಾಸ್ಟರ್’ ಸ್ಥಾನವನ್ನು ಅವರಿಗೆ ದಾಟಿಸಿ.

ದಂಡೆಯ ವಿಷಯವನ್ನು ದಯವಿಟ್ಟು ಅಂದಾಜಿಗೆ ಬಿಡಬೇಡಿ. ಕಿಟಕಿಯ ಸರಳಿನ ಹಿಂದಿನ ಕೊಂಬೆ ಕಾಣದಿದ್ದರೂ ಅಲ್ಲಿ ಇದ್ದೇ ಇರುತ್ತದೆ. ಮಾನಿಟರ್ ಅಂಚಿನ ಹಿಂದೆಯೂ ಚಿತ್ರ ಹಾಗೆಯೇ ಮುಂದುವರಿಯಬೇಕು. ಅದಕ್ಕಾಗಿಯೇ ಪರದೆಗಳ ನಡುವಿನ ಅಂಚಿನ ಅಗಲ ತಿಳಿಸುವ ‘ಟೈಲ್-ಮಲಿಯನ್’ ಎಂಬ ಎರಡು ಆಯ್ಕೆಗಳಿವೆ, ಅಡ್ಡಕ್ಕೊಂದು, ಲಂಬಕ್ಕೊಂದು, ಅಳತೆ ಪಿಕ್ಸೆಲ್‌ನಲ್ಲಿ. ನಿಮ್ಮ ಪರದೆಯ ಅಗಲ ಸುಮಾರು 531 ಮಿ.ಮೀ., ಪಿಕ್ಸೆಲ್ 1920 ಆದರೆ ಒಂದು ಮಿ.ಮೀ.ಗೆ ಸುಮಾರು 3.6 ಪಿಕ್ಸೆಲ್. ಅಕ್ಕಪಕ್ಕದ ಎರಡು ಅಂಚು ಸೇರಿ 16 ಮಿ.ಮೀ. ಇದ್ದರೆ 58 ಕೊಡಿ. ಮೇಲೆ-ಕೆಳಗಿನ ಅಂಚನ್ನು ಬೇರೆಯಾಗಿಯೇ ಅಳೆಯಿರಿ, ಕೆಳಪಟ್ಟಿ ಸಾಮಾನ್ಯವಾಗಿ ದಪ್ಪ.

ಪ್ರಶ್ನೆ ಕೇಳಿದವರು:
ಅಡ್ಡಕ್ಕೆ 58, ಲಂಬಕ್ಕೆ 101 ಬಂತು. ದಂಡೆ ಈಗ ಮುರಿಯದೆ ಸಾಗುತ್ತದೆ. ಮಧ್ಯಾಹ್ನ ಗೆಳತಿ ಮಾಸ್ಟರ್ ಆಗಿ ಒಡ್ಡಿನ ಬಳಿ ಸ್ಲೈಸ್ (ಸೀಳಿದ ಒಳನೋಟ) ತೆಗೆದಾಗ ನೀರು ಎಲ್ಲಿಂದ ಉಕ್ಕುತ್ತದೆಂಬುದು ಆರೂ ಜನರಿಗೆ ಒಟ್ಟಿಗೆ ಕಂಡಿತು.