ನಮ್ಮ ಬೀದಿ ಯಾರ ಲೆಕ್ಕದಲ್ಲಿದೆ? ನಿವೃತ್ತ ಕಂದಾಯ ನಿರೀಕ್ಷಕರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಹೊಸಕೋಟೆ, ನೆಲಮಂಗಲ, ಆನೇಕಲ್, ದೊಡ್ಡಬಳ್ಳಾಪುರ ಕಡೆಯ ಸದಸ್ಯರಿಗೆ ನಮಸ್ಕಾರ. ಪುರಸಭೆ, ನಗರಸಭೆಗಳಲ್ಲಿ ಕಂದಾಯ ವಿಭಾಗದಲ್ಲಿದ್ದು ನಿವೃತ್ತರಾದ ನಮ್ಮ ಗುಂಪಿನ ಹಿರಿಯರೊಬ್ಬರು ಇವತ್ತು ಉತ್ತರ ಕೊಡುತ್ತಾರೆ. ಊರು, ಅಧಿಕಾರಿ, ಬಿಲ್ಡರ್ ಹೆಸರು ಹಾಕಬೇಡಿ. ವಿಷಯ ಮಾತ್ರ ಬರೆಯಿರಿ.

ಪ್ರಶ್ನೆ: ಸಾರ್, ನಮ್ಮ ಲೇಔಟ್‌ನಲ್ಲಿ ಮನೆ ಕಟ್ಟಿ ಎಂಟು ವರ್ಷ ಆಯ್ತು. ರಸ್ತೆ ತುಂಬಾ ಗುಂಡಿ, ಬೀದಿದೀಪ ಉರಿಯಲ್ಲ. ನಗರಸಭೆಗೆ ಹೋದ್ರೆ ‘ನಿಮ್ಮ ಲೇಔಟ್ ನಮಗೆ ಹ್ಯಾಂಡೋವರ್ ಆಗಿಲ್ಲ’ ಅಂತಾರೆ. ಕಂದಾಯ ಮಾತ್ರ ವರ್ಷ ವರ್ಷ ಕಟ್ಟಿಸ್ಕೋತಾರೆ. ಇದು ಯಾವ ನ್ಯಾಯ? ಈ ಸಲ ಎಲ್ಲಾ ಸೇರಿ ಕಂದಾಯ ಕಟ್ಟೋದೇ ಬೇಡ ಅಂತ ಇದ್ದೀವಿ.

ಉತ್ತರ: ಕೌಂಟರಿನ ಆ ಕಡೆ ಕೂತು ಈ ಮಾತನ್ನು ನಾನೇ ನೂರಾರು ಜನಕ್ಕೆ ಹೇಳಿದ್ದೇನೆ. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಖಾಸಗಿ ಬಡಾವಣೆಗೆ ಅನುಮೋದನೆ ಕೊಡುವುದು ನಗರಸಭೆಯಲ್ಲ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ರಚನೆಯಾದ ಯೋಜನಾ ಪ್ರಾಧಿಕಾರ. ನಕ್ಷೆಯಲ್ಲಿರುವ ರಸ್ತೆ, ಪಾರ್ಕು, ಸಿ.ಎ. ಸೈಟುಗಳನ್ನು (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಬಿಲ್ಡರ್ ಬರವಣಿಗೆಯಲ್ಲಿ ಬಿಟ್ಟುಕೊಡಬೇಕು, ಚರಂಡಿ, ನೀರು, ದೀಪದ ಕೆಲಸ ಮುಗಿಸಬೇಕು. ಆಮೇಲೆ ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರ. ನಡೆಯುವುದೇನೆಂದರೆ, ಸೈಟೆಲ್ಲ ಮಾರಾಟವಾದ ಮೇಲೆ ಬಿಲ್ಡರ್‌ಗೆ ಈ ಕಡೆ ತಲೆ ಹಾಕಿಯೂ ಮಲಗುವ ಅಗತ್ಯ ಇರುವುದಿಲ್ಲ. ಕಡತ ಅರ್ಧಕ್ಕೇ ನಿಲ್ಲುತ್ತದೆ. ರಸ್ತೆ ತನ್ನ ಹೆಸರಿಗೇ ಬಂದಿಲ್ಲವೆಂದರೆ ನಗರಸಭೆ ಎಂಜಿನಿಯರ್ ಎಸ್ಟಿಮೇಟ್ ಬರೆಯಲು ಹೆದರುತ್ತಾರೆ, ನಾಳೆ ಆಡಿಟ್‌ನವರು ಆಕ್ಷೇಪಣೆ ಹಾಕಿದರೆ ವಸೂಲಿ ಎಂಜಿನಿಯರ್ ಸಂಬಳದಿಂದಲೇ.

ಹಾಗಾಗಿ ‘ಗುಂಡಿ ಮುಚ್ಚಿ’ ಎಂದು ಹತ್ತು ಅರ್ಜಿ ಬರೆಯುವ ಬದಲು ‘ನಮ್ಮ ಬಡಾವಣೆಯ ಕಡತ ಎಲ್ಲಿ ನಿಂತಿದೆ’ ಎಂದು ಒಂದು ಅರ್ಜಿ ಬರೆಯಿರಿ. ಮಾಹಿತಿ ಹಕ್ಕಿನಲ್ಲಿ ಮೂರು ದಾಖಲೆ ಕೇಳಿ: ಅನುಮೋದಿತ ನಕ್ಷೆ, ರಸ್ತೆ ಮತ್ತು ಪಾರ್ಕು ಬಿಟ್ಟುಕೊಟ್ಟ ಪತ್ರ, ಬಡಾವಣೆ ಹಸ್ತಾಂತರದ ಬಗ್ಗೆ ಪ್ರಾಧಿಕಾರ ಮತ್ತು ನಗರಸಭೆ ನಡುವೆ ಆದ ಪತ್ರವ್ಯವಹಾರ. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ. ಆ ಕಾಯ್ದೆಯಲ್ಲಿ ಸಿಗುವುದು ದಾಖಲೆ, ಸಮಜಾಯಿಷಿ ಅಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಮೂರೂ ದಾಖಲೆ ಒಂದೇ ಬಡಾವಣೆಯವು, ಸಾಲುತ್ತದೆ. ಪಾರ್ಕಿನ ಜಾಗ ಬರವಣಿಗೆಯಲ್ಲಿ ಬಿಟ್ಟುಕೊಟ್ಟೇ ಇಲ್ಲ ಎಂದು ಗೊತ್ತಾದರೆ ತಡ ಮಾಡಬೇಡಿ, ಗುಂಡಿಗಿಂತ ಅದು ದೊಡ್ಡ ಸುದ್ದಿ.

ಕಂದಾಯ ನಿಲ್ಲಿಸುವ ಯೋಚನೆ ಬಿಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ಇದ್ದಷ್ಟು, ಜುಲೈಯಿಂದ ತಿಂಗಳಿಗೆ 2% ದಂಡ. ಕಟ್ಟದವನ ಅರ್ಜಿಯನ್ನು ಮೂಲೆಗೆ ತಳ್ಳಲು ಗುಮಾಸ್ತನಿಗೆ ಬೇರೆ ಕಾರಣವೇ ಬೇಕಿಲ್ಲ.

ಪ್ರಶ್ನೆ: ಕಂದಾಯದ ಚಲನ್‌ನಲ್ಲಿ ಭಿಕ್ಷುಕರ ಕರ ಅಂತ ಇದೆ. ನಮ್ಮನ್ನೇ ಭಿಕ್ಷುಕರು ಮಾಡಿ ಈ ಕರ ಬೇರೇನಾ?

ಉತ್ತರ: ತಮಾಷೆ ಚೆನ್ನಾಗಿದೆ. ಅದು ತೆರಿಗೆಯ ಮೇಲಿನ ಉಪಕರ. ಆರೋಗ್ಯಕ್ಕೆ 15%, ಗ್ರಂಥಾಲಯಕ್ಕೆ 6%, ಭಿಕ್ಷುಕರ ಬಾಬ್ತು 3%. ಈ ಮೂರೇ ಸೇರಿದರೆ ಸಾವಿರ ರೂಪಾಯಿ ತೆರಿಗೆಗೆ 240 ರೂಪಾಯಿ. ಭಿಕ್ಷುಕರ ಬಾಬ್ತು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರ ನಡೆಯುವುದು ಈ ಹಣದಿಂದ. ವಸೂಲು ಮಾಡಿದ ಉಪಕರವನ್ನು ಸ್ಥಳೀಯ ಸಂಸ್ಥೆ ಆಯಾ ಬಾಬ್ತಿಗೆ ದಾಟಿಸಬೇಕು. ನಿಮ್ಮೂರಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಕಾಣದಿದ್ದರೆ ಆ 6% ದಾಟಿತೇ ಎಂದು ಕೇಳಬಹುದು.

ಪ್ರಶ್ನೆ: ಅಣ್ಣಾ, ಮಳೆ ಬಂದ್ರೆ ಸಾಕು ನಮ್ಮ ಬೀದೀಲಿ ಮ್ಯಾನ್‌ಹೋಲ್ ಉಕ್ಕುತ್ತೆ. ಕೊಳಕು ನೀರು ಬಾಗಿಲಿಗೇ ಬರುತ್ತೆ. ಬೇಸಿಗೇಲಿ ಏನೂ ಇಲ್ಲ. ಪೈಪು ಸಣ್ಣದು ಹಾಕಿದ್ದಾರಾ?

ಉತ್ತರ: ತಾಯೀ, ‘ಬೇಸಿಗೇಲಿ ಏನೂ ಇಲ್ಲ’ ಎಂಬ ಮಾತಿನಲ್ಲೇ ಉತ್ತರ ಇದೆ. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಪೈಪು ಬಚ್ಚಲು, ಕಕ್ಕಸಿನ ನೀರಿಗೆಂದು ಲೆಕ್ಕ ಹಾಕಿ ಹಾಕಿದ್ದು. ಮಳೆನೀರಿಗೆ ಬೇರೆ ಚರಂಡಿ. ಆದರೆ ಅರ್ಧ ಬೀದಿಯವರು ತಾರಸಿ ಪೈಪನ್ನು ತಂದು ಯುಜಿಡಿ ಚೇಂಬರಿಗೇ ಬಿಟ್ಟಿರುತ್ತಾರೆ. ದೊಡ್ಡ ಮಳೆ ಬಿದ್ದಾಗ ಅಷ್ಟು ಮನೆಯ ತಾರಸಿ ನೀರು ಒಟ್ಟಿಗೆ ನುಗ್ಗಿದರೆ ತಗ್ಗಿನ ಮ್ಯಾನ್‌ಹೋಲ್ ಬಾಯಿ ಬಿಡುತ್ತದೆ. ನಿಮ್ಮ ಮನೆ ತಗ್ಗಿನಲ್ಲಿರಬೇಕು. ಮೊದಲು ನಿಮ್ಮ ತಾರಸಿ ಪೈಪ್ ಎಲ್ಲಿಗೆ ಇಳಿದಿದೆ ನೋಡಿ, ಆಮೇಲೆ ಬೀದಿಯವರನ್ನು ಕೇಳಿ. ಜಗಳ ಆಗುತ್ತದೆ, ಆಗಲಿ.

ಇಲ್ಲೂ ಅದೇ ಹಸ್ತಾಂತರದ ಗೋಳು. ಲೈನು ಎಳೆಯುವುದು ಬಹಳ ಕಡೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಅವರು ವಹಿಸಿಕೊಡುವವರೆಗೆ ನಗರಸಭೆ ಕೈತೊಳೆದುಕೊಳ್ಳುತ್ತದೆ. ದೂರನ್ನು ಇಬ್ಬರಿಗೂ ಕೊಟ್ಟು ಒಬ್ಬರ ಪ್ರತಿಯನ್ನು ಇನ್ನೊಬ್ಬರಿಗೆ ಲಗತ್ತಿಸಿ.

ಒಂದು ಮಾತು ಕಟ್ಟುನಿಟ್ಟಾಗಿ: ಐನೂರು ರೂಪಾಯಿ ಕೊಟ್ಟು ಯಾರನ್ನಾದರೂ ಮ್ಯಾನ್‌ಹೋಲ್‌ಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅದು ಅಪರಾಧ, ಇಳಿಸಿದವರ ಮೇಲೂ ಕೇಸ್. ಒಳಗಿನ ಗ್ಯಾಸ್‌ಗೆ ಆಳು ನಿಮಿಷದಲ್ಲಿ ಹೋಗುತ್ತಾನೆ. ಒತ್ತಡದ ನೀರಿನಿಂದ ಪೈಪು ತೆರವು ಮಾಡುವ ಜೆಟ್ಟಿಂಗ್ ಮೆಷಿನ್ ಕಳಿಸಿ ಎಂದೇ ಬರೆಯಿರಿ.

ಪ್ರಶ್ನೆ: ನಮ್ಮದು ರೆವಿನ್ಯೂ ಸೈಟು, ಲೇಔಟ್ ಅನುಮೋದನೆ ಇಲ್ಲದೆ ಕೃಷಿ ಜಮೀನಲ್ಲಿ ಮಾಡಿದ್ದು. ಬಿ ಖಾತಾ ಮಾಡಿಸಿಬಿಟ್ರೆ ಸಕ್ರಮ ಆದಂಗೆ ಅಂತ ಏಜೆಂಟ್ ಹೇಳ್ತಿದ್ದಾನೆ. 

ಉತ್ತರ: ಏಜೆಂಟನಿಗೆ ಕಮಿಷನ್ ಸಕ್ರಮವಾಗುತ್ತದೆ, ಸೈಟು ಆಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ಸರ್ಕಾರ ಶುರು ಮಾಡಿದ ಅಭಿಯಾನದಲ್ಲಿ 10 ಸೆಪ್ಟೆಂಬರ್ 2024ರವರೆಗಿನ ಅನಧಿಕೃತ ಸ್ವತ್ತುಗಳಿಗೆ, ಒಂದು ಸಲ ದುಪ್ಪಟ್ಟು ತೆರಿಗೆ ಕಟ್ಟಿಸಿಕೊಂಡು, ಬಿ ಖಾತಾ ಕೊಡಲು ತೀರ್ಮಾನವಾಯಿತು. ಅದು ತೆರಿಗೆ ವಸೂಲಿಯ ದಾಖಲೆ. ಹಾಗೆ ನೋಡಿದರೆ ಅಧಿಕೃತ ಸ್ವತ್ತಿಗೆ ಕೊಡುವ ಎ ಖಾತಾವೂ ಒಡೆತನದ ಪತ್ರವಲ್ಲ, ಒಡೆತನ ನಿಮ್ಮ ಕ್ರಯಪತ್ರದಲ್ಲಿ. ಆದರೂ ಅರ್ಹತೆ ಇದ್ದರೆ ಮಾಡಿಸಿಕೊಳ್ಳಿ, ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಏಜೆಂಟ್ ಬೇಡ, ನೀವೇ ಹೋಗಿ.

ಪ್ರಶ್ನೆ: ಹೋದ್ರೆ ‘ನಾಳೆ ಬಾ’ ಅಂತಾರಲ್ಲ ಸಾರ್.

ಉತ್ತರ: ಬಾಯಿಮಾತಿನ ಅರ್ಜಿಗೆ ಬಾಯಿಮಾತಿನ ಉತ್ತರ. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ಸಂಖ್ಯೆ ಕೊಡಲೇಬೇಕು. ಅದಿಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ. ಗಡುವು ಮೀರಿದರೆ ಮೇಲ್ಮನವಿ ಹಾಕಿ, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ದುಡ್ಡು ಸಣ್ಣದೇ, ಆದರೆ ಅದು ಅಧಿಕಾರಿಯ ಸಂಬಳದಿಂದ ಹೋಗುವುದು.

ಮೊದಲ ಪ್ರಶ್ನೆ ಕೇಳಿದವರು: ಸಾರ್, ಕಂದಾಯ ಕಟ್ತೀವಿ. ಆದ್ರೆ ಆ ಮಾಹಿತಿ ಹಕ್ಕಿನ ಅರ್ಜಿ ಪ್ರಾಧಿಕಾರಕ್ಕಾ, ನಗರಸಭೆಗಾ? ತಪ್ಪು ಕಡೆ ಹಾಕಿದ್ರೆ ಮತ್ತೆ ಓಡಾಡಿಸ್ತಾರಲ್ಲ?

ಉತ್ತರ: ಪ್ರಾಧಿಕಾರದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹಾಕಿ. ದಾಖಲೆ ಬೇರೆ ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸುವುದು ಅವರ ಕೆಲಸ, ನಿಮ್ಮದಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಾಳೆ ಸೋಮವಾರ, ಪೋಸ್ಟಾಫೀಸು ತೆರೆದಿರುತ್ತದೆ.